ಕಾರು ಸಾಕಿದ ಯಜಮಾನರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರಿಗೆಲ್ಲ ಅವರು ಬರೀ ‘ಯಜಮಾನರು’. ಮಂಡಿಯ ಹಮಾಲರಿಂದ ಹಿಡಿದು ಮಠದ ಕಡೆಯವರವರೆಗೆ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಕಳೆದ ಶ್ರಾವಣದಲ್ಲಿ ಅವರು ತೀರಿಕೊಂಡರು. ಆಮೇಲೆ ಎಷ್ಟೋ ಜನ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ‘ನಿಮಗೆ ಬಹಳ ಬೇಕಾದವರಾಗಿದ್ರಲ್ವಾ ಮೇಷ್ಟ್ರೇ’ ಎಂದು ಸಮಾಧಾನ ಹೇಳಿದರು. ಹೌದು, ಬೇಕಾದವರೇ. ಅದಕ್ಕೇ ಇದನ್ನು ಬರೆಯುವುದು ಇಷ್ಟು ಕಷ್ಟವಾಗುತ್ತಿದೆ. ಬೇಡದವರಾಗಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನನ್ನ ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್. ನಾವು ಈ ಊರಿಗೆ ಬಂದಾಗ ಅವರ ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ಸಿಕ್ಕಿತು. ಅಡಿಗೆಮನೆಯ ಕಿಟಕಿ ತೆರೆದರೆ ಎದುರಿಗೇ ಅವರ ತಗಡಿನ ಶೆಡ್ಡು. ಅದರೊಳಗೆ ಆ ಕಾರು. ಜರ್ಮನಿಯದು, ಕಡುನೀಲಿ ಬಣ್ಣ, ಒಳಗೆ ಕಂದು ಚರ್ಮದ ಸೀಟುಗಳು. ಬೆಂಗಳೂರಿನ ಯಾರೋ ಡಾಕ್ಟರು ಎರಡು ಲಕ್ಷ ಕಿಲೋಮೀಟರಿಗೂ ಮಿಕ್ಕಿ ಓಡಿಸಿ ಸಾಕೆಂದು ಬಿಟ್ಟದ್ದನ್ನು ಇವರು ಕೊಂಡು ತಂದಿದ್ದರು. ಹೊಸ ಕಾರು ಕೊಳ್ಳುವ ಶಕ್ತಿ ಅವರಿಗೆ ಇಲ್ಲದೆ ಇರಲಿಲ್ಲ.

‘ಹೊಸದನ್ನ ಯಾರ್ ಬೇಕಾದ್ರೂ ಓಡಿಸ್ತಾರೆ ಮೇಷ್ಟ್ರೇ. ಹಳೇದನ್ನ ಹೊಸದರಂಗೆ ಓಡಿಸೋದ್ರಲ್ಲಿ ಐತೆ ಗಮ್ಮತ್ತು’ ಎನ್ನುತ್ತಿದ್ದರು.

ಬೆಳಿಗ್ಗೆ ಅವರು ಎರಡು ಪೇಪರ್ ಓದುತ್ತಾರೆ ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಿದ್ದಳು. ಒಂದು ಮಂಡಿಯ ಮೇಜಿನ ಮೇಲಿನದು, ಇನ್ನೊಂದು ಕಾರಿನ ಕೆಳಗಿನದು. ಕಾರು ತಂದು ನಿಲ್ಲಿಸಿದ ಮೇಲೆ ಅದರ ಅಡಿಗೆ ಹಳೆಯ ಪತ್ರಿಕೆಯ ಹಾಳೆ ಹಾಸಿ, ಬೆಳಿಗ್ಗೆ ಎಳೆದು ತೆಗೆದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಕಪ್ಪು ಚುಕ್ಕೆ ಇದ್ದರೆ ಎಂಜಿನ್ ಆಯಿಲ್, ಕೆಂಪಗಿದ್ದರೆ ಗೇರ್‌ಬಾಕ್ಸಿನದು, ಹಸಿರಾಗಿದ್ದರೆ ರೇಡಿಯೇಟರಿನ ಕೂಲೆಂಟು. ಬರೀ ಒದ್ದೆಯಾಗಿದ್ದರೆ ಏಸಿಯ ನೀರು, ಚಿಂತೆಯಿಲ್ಲ. ಒಂದು ದಿನ ನನ್ನನ್ನು ಕೂಗಿ ಕರೆದು, ಸಾಸಿವೆ ಕಾಳಿನಷ್ಟು ಚಿಕ್ಕ ಕೆಂಪು ಕಲೆಯೊಂದನ್ನು ತೋರಿಸಿದರು.

‘ಇದೇನು ಮಹಾ ಯಜಮಾನರೇ, ಒಂದು ಹನಿ’ ಎಂದೆ.

‘ಇವತ್ತು ಒಂದ್ ಹನಿ. ಸುಮ್ನೆ ಬಿಟ್ರೆ ಒಂದಿನ ಜಾವಗಲ್ ಹತ್ರ ನಿಂತ್ಕಂಡು ಬಸ್ಸಿಗೆ ಕೈ ತೋರಿಸ್ಬೇಕಾಯ್ತದೆ. ಡ್ಯಾಶ್‌ಬೋರ್ಡಲ್ಲಿ ದೀಪ ಹತ್ತಿದ್ ಮೇಲೆ ನೋಡೋದು ರಿಪೇರಿ. ಹತ್ತೋಕ್ ಮುಂಚೆ ನೋಡೋದು ಸಾಕೋದು.’

ಸಾಕುವುದು. ಕಾರನ್ನು ಇಟ್ಟುಕೊಂಡಿದ್ದೇನೆ ಎಂದು ಅವರು ಯಾವತ್ತೂ ಹೇಳುತ್ತಿರಲಿಲ್ಲ, ಸಾಕಿದ್ದೇನೆ ಎನ್ನುತ್ತಿದ್ದರು. ಹಸುವನ್ನು ಸಾಕಿದ ಹಾಗೆ. ದೂರ ಓಡಿ ಬಂದ ಮೇಲೆ ಎಂಜಿನ್ನನ್ನು ತಕ್ಷಣ ಆರಿಸಲು ಬಿಡುತ್ತಿರಲಿಲ್ಲ. ‘ಓಡ್ಬಂದ್ ಎತ್ತಿಗೆ ಒಸಿ ಉಸ್ರಾಡೋಕ್ ಬಿಡ್ರೀ’ ಎಂದು ಗದರುತ್ತಿದ್ದರು. ಬಾನೆಟ್ ಎತ್ತಿದರೆ ರಬ್ಬರಿನ ಕೊಳವೆಗಳನ್ನು ಒಂದೊಂದಾಗಿ ಹಿಚುಕಿ ನೋಡುವರು. ಮೆತ್ತಗಿದ್ದರೆ ಸರಿ, ಬಿರುಸಾಗಿದ್ದರೆ ಒಡೆಯುವ ತನಕ ಕಾಯದೆ ಬದಲಾಯಿಸುವರು. ‘ಕಬ್ಣ ಓಡಿದ್ರೆ ಸವೀತದೆ. ರಬ್ಬರು ನಿಂತಲ್ಲೇ ಸಾಯ್ತದೆ’ ಎನ್ನುವರು. ಗೇರ್‌ಬಾಕ್ಸಿನ ಎಣ್ಣೆಯನ್ನು ಕಾರಿನ ಜೀವಮಾನದಲ್ಲಿ ಬದಲಾಯಿಸಬೇಕಿಲ್ಲ ಎಂದು ಕಾರಿನ ಜೊತೆಗೆ ಬಂದ ಕೈಪಿಡಿಯಲ್ಲಿತ್ತು. ನಾನು ಅದನ್ನು ಓದಿ ಅರ್ಥ ಹೇಳಿದಾಗ ಬಿದ್ದು ಬಿದ್ದು ನಕ್ಕರು. ‘ಜೀವಮಾನ ಅಂದ್ರೆ ಯಾರ್ ಜೀವಮಾನ? ಮೊದಲ್ನೇ ಓನರ್‌ದು! ನಾವು ಎರಡನೇ ಪೀಳಿಗೆಯೋರು ಮೇಷ್ಟ್ರೇ, ನಮ್ಮನ್ನ ಅವ್ರು ಲೆಕ್ಕಕ್ಕೇ ತಗಂಡಿಲ್ಲ.’ ಆ ವಾರವೇ ಎಣ್ಣೆ ಬದಲಾಯಿತು.

ಅವರ ಕಿವಿಯ ಬಗ್ಗೆ ಹೇಳಲೇಬೇಕು. ಒಣಗಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಗಿಟುಕು ಚಿಪ್ಪಿನಿಂದ ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುತ್ತಿದ್ದರು. ಅದೇ ಕಿವಿ ಕಾರಿಗೂ. ತಿಂಗಳಿಗೊಮ್ಮೆ ನನ್ನನ್ನು ಕೂರಿಸಿಕೊಂಡು, ರೇಡಿಯೋ ಆರಿಸಿ, ಗಾಜುಗಳನ್ನೆಲ್ಲ ಇಳಿಸಿ, ರೈಲ್ವೆ ಕಾಂಪೌಂಡಿನ ಉದ್ದನೆಯ ಗೋಡೆಯ ಪಕ್ಕದಲ್ಲಿ ಮೆಲ್ಲಗೆ ಓಡಿಸುತ್ತಿದ್ದರು. ಗೋಡೆಗೆ ಬಡಿದ ಸದ್ದು ವಾಪಸು ಬರುತ್ತದೆ, ಬಯಲಿನಲ್ಲಿ ಕೇಳದ್ದು ಅಲ್ಲಿ ಕೇಳುತ್ತದೆ ಎಂಬುದು ಅವರ ಲೆಕ್ಕ. ‘ಈಗ ಕೇಳ್ತಾ? ಕಿರ್ ಅಂತು. ಎಡಗಡೆ ಹಿಂದಿನ ಬ್ರೇಕು’ ಎನ್ನುವರು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸಿತು ಎಂದು ತಲೆಯಾಡಿಸುತ್ತಿದ್ದೆ. ಎರಡು ಮೂರು ವರ್ಷ ಹೀಗೆ ಓಡಾಡಿದ ಮೇಲೆ ನಿಜವಾಗಿಯೂ ಕೇಳಿಸತೊಡಗಿತು.

ನನಗೆ ಕಾರು ಓಡಿಸಲು ಕಲಿಸಿದ್ದೂ ಅವರೇ. ಮಾಲೇಕಲ್ಲಿನ ದಾರಿಯಲ್ಲಿ. ನನ್ನ ಹೆಂಡತಿ ಭಾನುವಾರ ಬೆಳಿಗ್ಗೆ ಖೋ-ಖೋ ತಂಡದ ಹುಡುಗಿಯರನ್ನು ಕರೆದುಕೊಂಡು ಬೆಟ್ಟದ ಮೆಟ್ಟಿಲು ಹತ್ತಿಸುತ್ತಿದ್ದಳು. ಅವರೆಲ್ಲ ಮೇಲೆ ಹೋಗಿ ವೆಂಕಟರಮಣನ ದರ್ಶನ ಮಾಡಿ ಇಳಿಯುವಷ್ಟರಲ್ಲಿ ನಾವು ಕೆಳಗೆ ಪಾಠ ಮುಗಿಸುತ್ತಿದ್ದೆವು. ಇಳಿದು ಬಂದ ಹುಡುಗಿಯರಿಗೆಲ್ಲ ಯಜಮಾನರು ಎಳನೀರು ಕೊಡಿಸುವರು. ನನ್ನ ಹೆಂಡತಿಗೆ ಅಣ್ಣತಮ್ಮಂದಿರಿಲ್ಲ ಎಂದು ಗೊತ್ತಾದ ವರ್ಷದಿಂದ ಗೌರಿ ಹಬ್ಬಕ್ಕೆ ತವರಿನ ಬಾಗಿನ ಅವರ ಮನೆಯಿಂದಲೇ ಬರುತ್ತಿತ್ತು. ಅವಳು ಅವರನ್ನು ಅಣ್ಣ ಎನ್ನುತ್ತಿದ್ದಳು, ಅವರು ಅವಳನ್ನು ತಂಗ್ಯಮ್ಮ ಎನ್ನುತ್ತಿದ್ದರು. ಅದು ಬಾಯಿಮಾತಿನ ಸಂಬಂಧವಾಗಿರಲಿಲ್ಲ. ನನಗೆ ಟೈಫಾಯಿಡ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಾದವರು ಅವರು.

ಒಂದು ಸ್ವಭಾವವನ್ನು ಮಾತ್ರ ನಾನು ಆಗಲೂ ಗಮನಿಸಿದ್ದೆ. ಬಾನೆಟ್ ಎತ್ತಿದ ಕಾರನ್ನು ಊರಿನ ಯಾರೂ ನೋಡಬಾರದು. ಏನೇ ಕೆಲಸವಿದ್ದರೂ ಮೆಕಾನಿಕ್ಕನ್ನು ಶೆಡ್ಡಿಗೇ ಕರೆಸಿ, ತಗಡಿನ ಬಾಗಿಲು ಎಳೆದುಕೊಂಡು ಮಾಡಿಸುತ್ತಿದ್ದರು. ‘ಯಜಮಾನರ ಕಾರು ಕೆಡೋದೇ ಇಲ್ಲ ಕಣ್ರೀ’ ಎಂದು ಮಂಡಿಯಲ್ಲಿ ಯಾರಾದರೂ ಅಂದರೆ ಅವರ ಮುಖ ಅರಳುತ್ತಿತ್ತು. ಲಾರಿ ಮಾಲೀಕರೊಬ್ಬರು ಒಮ್ಮೆ, ‘ಎಷ್ಟ್ ನೋಡ್ಕಂಡ್ರೂ ಹಳೇ ಗಾಡಿ ಹಳೇ ಗಾಡಿನೇ’ ಎಂದಿದ್ದಕ್ಕೆ ಅವರ ಜೊತೆ ಮಾತೇ ಬಿಟ್ಟರು. ನನಗೆ ಅದು ಮುದ್ದಾಗಿ ಕಂಡಿತ್ತು. ದೊಡ್ಡವರ ಮಗುತನ ಎಂದುಕೊಂಡಿದ್ದೆ.

ನಾಲ್ಕು ವರ್ಷದ ಹಿಂದೆ ಅವರು ಕಾರನ್ನು ಮಾರುವ ಮನಸ್ಸು ಮಾಡಿದರು. ಕಣ್ಣು ಮಂಜಾಗುತ್ತಿತ್ತು, ಓಡಿಸುವುದು ಕಷ್ಟವಾಗಿತ್ತು. ಬೇಲೂರಿನ ಹತ್ತಿರ ಒಬ್ಬರು ಪ್ರವಾಸಿಗರಿಗೆಂದು ವಸತಿಗೃಹ ಕಟ್ಟುತ್ತಿದ್ದರು. ದೇವಸ್ಥಾನ ನೋಡಲು ಬರುವ ದೂರದೂರದ ಜನರನ್ನು ಇಂಥ ಹಳೆಯ ಭಾರಿ ಕಾರಿನಲ್ಲಿ ಬೇಲೂರು, ಹಳೇಬೀಡು ಸುತ್ತಿಸಬೇಕೆಂಬ ಆಸೆ ಅವರದು. ಯಜಮಾನರ ಕಾರಿನ ಖ್ಯಾತಿ ಕೇಳಿ, ಒಮ್ಮೆ ತಂದು ತೋರಿಸಿ ಎಂದಿದ್ದರು. ಭಾನುವಾರ ಎಂದು ನಿಶ್ಚಯವಾಯಿತು.

ಅರಸೀಕೆರೆ ಬಿಟ್ಟು ಆ ಕಾರು ಯಜಮಾನರಿಲ್ಲದೆ ಹೋದದ್ದೇ ಇಲ್ಲ. ನಾನು ಓಡಿಸಿದರೂ ಪಕ್ಕದ ಸೀಟಿನಲ್ಲಿ ಅವರು ಇದ್ದೇ ಇರುತ್ತಿದ್ದರು. ಆ ಭಾನುವಾರ ಬೆಳಿಗ್ಗೆ ಮಾತ್ರ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, ‘ಮಂಡಿಗೆ ಲೋಡ್ ಬತ್ತೈತೆ. ನೀವು ಮುಂದೆ ಹೋಗಿರಿ, ನಾನು ಬಸ್ಸಲ್ಲಿ ಬತ್ತೀನಿ’ ಎಂದರು. ಆಮೇಲೆ ನಮ್ಮ ಮನೆಯ ಬಾಗಿಲಿಗೆ ಬಂದು, ‘ತಂಗ್ಯಮ್ಮ, ನೀನೂ ಹೋಗವ್ವ. ಚೆನ್ನಕೇಶವನ ದರ್ಶನ ಆಯ್ತದೆ. ಮನೆ ಹೆಣ್ಮಗಳು ಕೂತಿದ್ರೆ ನೋಡೋರ್‌ಗೂ ಮನೆ ಕಾರು ಅನ್ಸ್ತದೆ’ ಎಂದರು. ಅವಳು ಸೀರೆ ಬದಲಾಯಿಸಿ ಬಂದು ಮುಂದಿನ ಸೀಟಿನಲ್ಲಿ ಕೂತಳು. ಅವರು ಕೂರುತ್ತಿದ್ದ ಜಾಗದಲ್ಲಿ.

ಶೆಡ್ಡಿನಿಂದ ಹೊರಗೆ ತಿರುಗಿಸುವಾಗ ಮುಂದಿನ ಚಕ್ರದ ಕಡೆಯಿಂದ ಟಕ್ ಎಂದು ಒಂದು ಸದ್ದು ಬಂತು. ನಾನು ಗಾಜು ಇಳಿಸಿ, ‘ಯಜಮಾನರೇ, ಅದೇನೋ ಸದ್ದು’ ಎಂದೆ.

‘ರಬ್ಬರ್ ಬುಷ್ಷು ಕಣ್ರೀ, ಹಳೇದು. ಏನಾಗಕಿಲ್ಲ. ನಿಧಾನಕ್ಕೋಗಿ. ಗುಂಡಿ ನೋಡ್ಕಂಡ್ ಹೋಗಿ.’

ನಾನು ಗೇರು ಹಾಕಿದ ಮೇಲೆ ಇನ್ನೊಮ್ಮೆ ಬಂದು ಬಾಗಿಲ ಮೇಲೆ ಕೈಯಿಟ್ಟು, ‘ನಿಧಾನ’ ಎಂದರು. ಮಾರಿಹೋಗುವ ಕಾರಿನ ಮೇಲಿನ ಪ್ರೀತಿ ಎಂದುಕೊಂಡೆ.

ಜಾವಗಲ್ ದಾಟಿ, ಹಳೇಬೀಡು ದಾಟಿ, ಮಾದಿಹಳ್ಳಿ ಕಡೆಯ ತೆಂಗಿನ ತೋಟಗಳ ನಡುವೆ ಹೋಗುತ್ತಿದ್ದೆವು. ವೇಗವೇನೂ ಇರಲಿಲ್ಲ. ನನ್ನ ಹೆಂಡತಿ ಜಿಲ್ಲಾ ಮಟ್ಟದ ಪಂದ್ಯಕ್ಕೆ ಆಯ್ಕೆಯಾದ ತನ್ನ ಹುಡುಗಿಯರ ಬಗ್ಗೆ ಹೇಳುತ್ತಿದ್ದಳು. ತಿರುವಿನಲ್ಲಿ ಒಂದು ಸಣ್ಣ ಗುಂಡಿ ಬಂತು. ಎಡಗಡೆಯ ಚಕ್ರ ಅದರಲ್ಲಿ ಇಳಿದು ಎದ್ದಿತು, ಅಷ್ಟೇ. ಆಮೇಲೆ ಸ್ಟೀರಿಂಗ್ ನನ್ನ ಕೈಯಲ್ಲಿದ್ದರೂ ಕಾರು ನನ್ನ ಕೈಯಲ್ಲಿರಲಿಲ್ಲ. ಚಕ್ರ ಒಳಕ್ಕೆ ಮಡಚಿಕೊಂಡು ಕಾರು ರಸ್ತೆ ಬಿಟ್ಟು ಇಳಿದು ತೆಂಗಿನ ಮರಕ್ಕೆ ಹೊಡೆಯಿತು. ನನಗೆ ತುಟಿ ಒಡೆದದ್ದು ಬಿಟ್ಟರೆ ಏನೂ ಆಗಲಿಲ್ಲ. ಅವಳ ಕಡೆಯ ಭಾಗ ಪೂರ್ತಿ ಒಳಗೆ ಬಂದಿತ್ತು. ಅವಳ ಎಡ ಮೊಣಕಾಲು ಪುಡಿಯಾಗಿತ್ತು. ಹಾಲಿನ ವ್ಯಾನಿನವರು ನಿಲ್ಲಿಸಿ ಇಳಿದು ಬಂದರು, ಪಕ್ಕದ ತೋಟದವರು ಬಾಗಿಲು ಮೀಟಿ ತೆಗೆದರು.

ಹಾಸನದ ಆಸ್ಪತ್ರೆಗೆ ಯಜಮಾನರು ಸಂಜೆಯೊಳಗೆ ಬಂದರು. ಅವಳ ಮಂಚದ ಪಕ್ಕದಲ್ಲಿ ನಿಂತು ಮಗುವಿನ ಹಾಗೆ ಅತ್ತರು. ಆಮೇಲೆ ನನ್ನನ್ನು ವರಾಂಡಕ್ಕೆ ಕರೆದು ಬೆನ್ನಿನ ಮೇಲೆ ಕೈಯಿಟ್ಟರು.

‘ಹೋಗ್ಲಿ ಬಿಡಿ ಮೇಷ್ಟ್ರೇ. ಗುಂಡಿ ಕಾಣ್ಲಿಲ್ಲ ಅನ್ಸುತ್ತೆ. ಯಾರಿಗಾದ್ರೂ ಆಯ್ತದೆ. ಮನಸ್ಸಿಗೆ ಹಚ್ಕಬೇಡಿ.’

ಅಂದರೆ, ಅವರು ನನ್ನನ್ನು ಕ್ಷಮಿಸಿದರು. ನಾನು ಆ ಕ್ಷಮೆಯನ್ನು ಎರಡೂ ಕೈ ಚಾಚಿ ತೆಗೆದುಕೊಂಡೆ. ಅವರ ಕೈ ಹಿಡಿದು, ‘ನಿಮ್ಮ ಕಾರನ್ನು ಹಾಳು ಮಾಡಿಬಿಟ್ಟೆ’ ಎಂದು ಅತ್ತೆ.

ಊರಿಗೆ ಬಂದಾಗ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಮೇಷ್ಟ್ರು ಗುಂಡಿಗೆ ಹೊಡೆದರಂತೆ, ಅಂಥ ಕಾರು ಓಡಿಸುವ ಕೈಯೇ ಬೇರೆ, ಪಾಪ ಯಜಮಾನರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡಿದ್ದರು. ಯಾರೂ ಅವರನ್ನು ಅನುಮಾನಿಸಲಿಲ್ಲ. ಹೇಗೆ ಅನುಮಾನಿಸುತ್ತಾರೆ? ಆ ಕಾರಿನ ಆರೈಕೆಯನ್ನು ಊರೇ ಕಂಡಿತ್ತು. ನಾನೇ ಅನುಮಾನಿಸಲಿಲ್ಲ.

ಖೋ-ಖೋದಲ್ಲಿ ಕುಕ್ಕರಗಾಲಿನಲ್ಲಿ ಕೂರಬೇಕು, ಬೆನ್ನಿನ ಮೇಲೆ ಕೈ ಬಿದ್ದ ಕೂಡಲೇ ಚಿಮ್ಮಿ ಏಳಬೇಕು. ನನ್ನ ಹೆಂಡತಿ ಅದನ್ನು ತಾನೇ ಮಾಡಿ ತೋರಿಸಿ ಕಲಿಸುವವಳು. ಈಗ ಆ ಕಾಲು ಅರ್ಧವೂ ಮಡಚುವುದಿಲ್ಲ. ಮೈದಾನದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಸೀಟಿ ಊದಿ, ಬಾಯಲ್ಲೇ ಹೇಳಿಕೊಡುತ್ತಾಳೆ. ಮಾಲೇಕಲ್ಲಿನ ಮೆಟ್ಟಿಲ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ. ಅಪಘಾತವಾದ ಮೇಲಿನ ಒಂದು ವರ್ಷ ಅವಳು ಊರುಗೋಲು ಹಿಡಿದು ಅಡಿಗೆಮನೆಗೆ ಹೋಗುವ ಸದ್ದು ಕೇಳಿದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಅವಳ ಮುಖ ನೋಡಿ ಮಾತಾಡಲು ನನ್ನಿಂದ ಆಗುತ್ತಿರಲಿಲ್ಲ. ಅವಳು ಒಂದು ಮಾತೂ ಆಡಿ ತೋರಿಸಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

ಅವಳನ್ನು ಶಾಲೆಗೆ ಬಿಟ್ಟು ಬರಲು ಒಂದು ಸಣ್ಣ ಹಳೆಯ ಕಾರು ಕೊಳ್ಳಬೇಕಾಯಿತು. ತೋರಿಸಲೆಂದು ಬಸ್ ಸ್ಟ್ಯಾಂಡಿನ ಹತ್ತಿರದ ಮೆಕಾನಿಕ್ಕಿನ ಬಳಿ ಹೋದೆ. ಯಜಮಾನರ ಶೆಡ್ಡಿಗೆ ಬರುತ್ತಿದ್ದವನೇ. ಅವನು ಕಾರಿನ ಅಡಿಯಲ್ಲಿ ಮಲಗಿ ಮುಂದಿನ ಚಕ್ರಗಳನ್ನು ಅಲ್ಲಾಡಿಸಿ ನೋಡಿದ. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ ನಿಂತ. ಎಷ್ಟು ಒರೆಸಿದರೂ ಕೈ ಒರೆಸುವುದು ಮುಗಿಯಲಿಲ್ಲ.

‘ಏನಾದ್ರೂ ಕೆಟ್ಟಿದೆಯಾ?’ ಎಂದು ಕೇಳಿದೆ.

‘ಇದ್ರಲ್ಲೇನಿಲ್ಲ ಸಾ. ಅದ್ರಲ್ಲಿತ್ತು.’

ನನಗೆ ಅರ್ಥವಾಗಲಿಲ್ಲ.

‘ಯಜಮಾನ್ರ ಕಾರು ಸಾ. ಮುಂದಿನ ಎಡಗಡೆ ಬಾಲ್ ಜಾಯಿಂಟು ಹೋಗಿತ್ತು. ಚಕ್ರ ಹಿಡ್ಕಂಡಿರೋ ಕೀಲು ಅದು, ನಮ್ಮ ತೊಡೆ ಮೂಳೆ ಸೊಂಟದಲ್ಲಿ ಕೂತಿರ್ತದಲ್ಲ, ಹಂಗೆ. ಆ ವಾರನೇ ನೋಡಿ ಹೇಳಿದ್ದೆ, ಗಾಡಿ ಶೆಡ್ಡಿಂದ ಆಚೆಗೆ ತೆಗೀಬೇಡಿ ಅಂತ. ಸಾಮಾನು ಬರೋಕೆ ಒಂದು ತಿಂಗಳಾಯ್ತದೆ ಅಂದೆ. ತಿಂಗಳು ಕಾದ್ರೆ ಗಿರಾಕಿ ಹೋಯ್ತಾನೆ, ಕಾಲು ಮುರ್ಕಂಡ್ ನಿಂತಿರೋ ಗಾಡಿ ನೋಡಿದ್ರೆ ನನ್ ಮಾತಿಗೇನ್ ಬೆಲೆ ಉಳೀತದೆ ಅಂದ್ರು. ಯಾರಿಗೂ ಹೇಳ್ಬೇಡ ಅಂದ್ರು. ನಾನು ಹೇಳ್ಲಿಲ್ಲ. ಅವ್ರ ಲಾರಿ ಕೆಲ್ಸ ಎಲ್ಲಾ ನಂದೇ ಅಲ್ವಾ ಸಾ.’ ಅವನು ನೆಲ ನೋಡಿದ. ‘ನಿಮ್ಮನ್ನ ಕಳಿಸ್ತಾರೆ ಅಂತ ಮಾತ್ರ ಗೊತ್ತಿರ್ಲಿಲ್ಲ. ನಿಮ್ದೇನೂ ತಪ್ಪಿಲ್ಲ ಸಾ.’

ಅಲ್ಲಿಂದ ನೇರವಾಗಿ ಮಂಡಿಗೆ ನಡೆದೆ. ನಡೆಯುವಾಗ ತಲೆಯಲ್ಲಿದ್ದದ್ದು ಬಾಲ್ ಜಾಯಿಂಟ್ ಅಲ್ಲ. ತೊಂದರೆ ಗೊತ್ತಿದ್ದೂ ಹಟಕ್ಕೆ ಬಿದ್ದು ಸ್ವತಃ ಓಡಿಸಿಕೊಂಡು ಹೋಗಿದ್ದರೆ, ಮುದುಕನ ಹುಚ್ಚು ಎಂದು ಬಿಡಬಹುದಿತ್ತು. ಆದರೆ ಅವರು ಹತ್ತಲಿಲ್ಲ. ನನ್ನನ್ನು ಕೂರಿಸಿದರು. ತಂಗಿಯನ್ನು ಮನೆಯ ಬಾಗಿಲಿಗೆ ಬಂದು ಕರೆದು ಕೂರಿಸಿದರು. ಮೇಷ್ಟ್ರು ತಂದ ಕಾರು ಎಂದರೆ ಕೊಳ್ಳುವವರು ನಂಬುತ್ತಾರೆ. ಆರು ವರ್ಷದಿಂದ ನಾನು ಊರೆಲ್ಲ ಹೊಗಳಿಕೊಂಡು ತಿರುಗಿದ ಬಾಯನ್ನೂ ಅವರು ಅವತ್ತು ಬೇಲೂರಿಗೆ ಕಳಿಸಿದ್ದರು.

ಯಜಮಾನರು ರಾಶಿಯ ಮುಂದೆ ಕೂತು ಕಾಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ನಾನು ನಿಂತೇ ಕೇಳಿದೆ:

‘ಅವತ್ತು ನೀವು ಯಾಕೆ ಕಾರು ಹತ್ತಲಿಲ್ಲ?’

ಅವರ ಕೈ ನಿಂತಿತು.

‘ಯಾರ್ ಹೇಳಿದ್ರು?’ ಎಂದರು.

ಇಲ್ಲ ಎನ್ನಲಿಲ್ಲ. ಏನು ಕೇಳುತ್ತಿದ್ದೀರಿ ಎನ್ನಲಿಲ್ಲ. ಯಾರು ಹೇಳಿದರು ಎಂಬುದೊಂದೇ ಅವರಿಗೆ ಬೇಕಾಗಿತ್ತು. ನಾನು ತಿರುಗಿ ಹೊರಟಾಗ, ‘ಕೂತ್ಕಳಿ ಮೇಷ್ಟ್ರೇ, ಕಾಫಿ ತರಿಸ್ತೀನಿ, ಕೂತ್ಕಳಿ’ ಎನ್ನುತ್ತಿದ್ದರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಒಲೆ ಆರಿಸಿ ಬಂದು ಕೂತು ಪೂರ್ತಿ ಕೇಳಿದಳು. ಆಮೇಲೆ, ‘ಒಂದು ವರ್ಷದಿಂದ ನೀವು ನನ್ನ ಮುಖ ನೋಡಿ ಮಾತಾಡಿಲ್ಲ. ಅದನ್ನೂ ಅವರೇ ಕಿತ್ಕೊಂಡಿದ್ದು’ ಎಂದಳು. ಆ ವರ್ಷ ಗೌರಿ ಹಬ್ಬಕ್ಕೆ ಬಂದ ಬಾಗಿನವನ್ನು ಬಾಗಿಲಿನಿಂದಲೇ ವಾಪಸು ಕಳಿಸಿದಳು. ನಾವು ಬೇರೆ ಬೀದಿಗೆ ಮನೆ ಬದಲಾಯಿಸಿದೆವು. ಊರಿನಲ್ಲಿ ಈ ವಿಷಯ ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಯಾರು ನಂಬುತ್ತಿದ್ದರು? ತನ್ನ ತಪ್ಪನ್ನು ಹಿರಿಯರ ತಲೆಗೆ ಕಟ್ಟುತ್ತಾನೆ ಎನ್ನುತ್ತಿದ್ದರು. ಮೆಕಾನಿಕ್ ಇನ್ನೊಮ್ಮೆ ಬಾಯಿ ಬಿಡುವ ಧೈರ್ಯ ಮಾಡುವವನಲ್ಲ.

ಸಾಯುವುದಕ್ಕೆ ಕೆಲವು ವಾರ ಮುಂಚೆ ಅವರು ನಮ್ಮ ಮನೆಗೆ ಬಂದರು. ಒಬ್ಬರೇ, ಆಟೋದಲ್ಲಿ. ಕಿಡ್ನಿ ಕೈಕೊಟ್ಟಿತ್ತು, ಮುಖ ಊದಿಕೊಂಡು ಕೈಕಾಲು ಕಡ್ಡಿಯಾಗಿದ್ದವು. ಗೋಡೆ ಹಿಡಿದುಕೊಂಡು ಒಳಗೆ ಬಂದರು. ನನ್ನ ಹೆಂಡತಿ ಒಂದು ಲೋಟ ನೀರು ತಂದು ಅವರ ಮುಂದಿಟ್ಟು, ಎದುರಿನ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತಳು. ಅವರು ನನ್ನ ಕಡೆ ನೋಡಲಿಲ್ಲ.

‘ತಂಗ್ಯಮ್ಮ, ನಂಗೆ ಗೊತ್ತಿತ್ತು ಕಣವ್ವ. ಮೆಕಾನಿಕ್ಕು ಹೇಳಿದ್ದ. ಬೇಲೂರ್ ಗಂಟ ತಡೀತದೆ ಅನ್ಕಂಡಿದ್ದೆ.’

ಅವಳು ಏರುದನಿಯಲ್ಲಿ ಮಾತಾಡಲಿಲ್ಲ. ಮೈದಾನದಲ್ಲಿ ಹುಡುಗಿಯರಿಗೆ ಎಲ್ಲಿ ತಪ್ಪಿತು ಎಂದು ಕೇಳುವಾಗಿನ ದನಿಯಲ್ಲೇ ಕೇಳಿದಳು:

‘ಬೇಲೂರು ದಾಟಿದ ಮೇಲೆ ಅದರಲ್ಲಿ ಯಾರು ಕೂತ್ಕೊಂಡು ಹೋಗ್ಬೇಕಿತ್ತು ಅಣ್ಣಾ?’

ಆ ಪ್ರಶ್ನೆ ಅವರಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಮ್ಮ ಬಗ್ಗೆ ಅವರು ಕೊರಗಿರಬಹುದು. ಆ ಅಪರಿಚಿತರು, ಹಿಂದಿನ ಸೀಟಿನಲ್ಲಿ ಕೂತು ಹಳೇಬೀಡು ನೋಡಲು ಹೊರಡಬೇಕಾಗಿದ್ದ ಯಾರದೋ ಮಕ್ಕಳು, ಅವರು ಇವರ ಲೆಕ್ಕಕ್ಕೇ ಬಂದಿರಲಿಲ್ಲ. ಯಜಮಾನರು ನೀರನ್ನು ಮುಟ್ಟಲಿಲ್ಲ. ‘ಕಾಲು ಮಡಚೋಕಾಯ್ತದಾ?’ ಎಂದರು.

‘ಆಗಲ್ಲ’ ಎಂದಳು.

ಅವರು ಎದ್ದರು. ಆಟೋದವರೆಗೆ ನಾನು ಅವರ ತೋಳು ಹಿಡಿದುಕೊಂಡು ಹೋದೆ. ಬಿದ್ದುಬಿಡುತ್ತಾರೆ ಎಂದು ಹಿಡಿದುಕೊಂಡೆ, ಬೇರೆ ಅರ್ಥವಿರಲಿಲ್ಲ. ಅವರು ಬೇರೆ ಅರ್ಥ ಮಾಡಿಕೊಂಡು ನನ್ನ ಕೈಯನ್ನು ಒತ್ತಿದರು. ನಾನು ಬಿಡಿಸಿಕೊಂಡೆ.

ಅವರು ಹೋದ ದಿನ ನಾನು ಒಬ್ಬನೇ ಹೋಗಿ ಬಂದೆ. ಹೆಂಡತಿ ಬರಲಿಲ್ಲ, ಹೋಗಬೇಡಿ ಎಂದೂ ಹೇಳಲಿಲ್ಲ. ಹಣೆ ತುಂಬ ವಿಭೂತಿ ಬಳಿದು, ಹೂವಿನ ಮಧ್ಯೆ ಅವರನ್ನು ಕೂರಿಸಿದ್ದರು. ಅವರ ಮಗ ನನ್ನನ್ನು ಕಂಡವನೇ ಬಂದು ಕೈ ಹಿಡಿದುಕೊಂಡ. ಅತ್ತು ಅತ್ತು ಅವನ ಕಣ್ಣು ಕೆಂಪಾಗಿದ್ದವು.

‘ಅಪ್ಪಾಜಿ ಹೋದ ತಿಂಗಳು ನಿಮ್ಮನೆಗೆ ಬಂದಿದ್ರಂತಲ್ಲ ಸಾರ್. ನಮ್ ಹತ್ರ ಏನೂ ಹೇಳ್ಲಿಲ್ಲ. ಏನ್ ಮಾತಾಡಿದ್ರು?’

ಸುತ್ತ ನಿಂತವರೂ ನನ್ನ ಕಡೆ ತಿರುಗಿದರು.

‘ಕಾರಿನ ವಿಷಯ’ ಎಂದೆ.

ಅವನ ಮುಖದಲ್ಲಿ ಅಳುವಿನ ನಡುವೆಯೇ ಒಂದು ನಗು ಮೂಡಿತು.

‘ಯಾವಾಗ್ಲೂ ಅದೇ ಸಾರ್ ಅವ್ರಿಗೆ’ ಎಂದ. ‘ಅದನ್ನ ನೋಡ್ಕೊಂಡಂಗೆ ಅವ್ರು ನಮ್ಮನ್ನೂ ನೋಡ್ಕೊಳ್ಲಿಲ್ಲ.’